ಒಂದೇಟಣ್ಣನ ಎರಡನೇ ಏಟು

ಕಸಾಯಿಖಾನೆಯಲ್ಲಿ ಅವನನ್ನು ಸ್ವಂತ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಅವನು ಒಂದೇಟಣ್ಣ. ನಾಲ್ಕು ಕೆಜಿ ಸುತ್ತಿಗೆ, ಕೋಣದ ಹಣೆಯ ನಡುಮಧ್ಯ, ಒಂದೇ ಏಟು. ಪ್ರಾಣಿಗೆ ತಾನು ಸತ್ತದ್ದೇ ಗೊತ್ತಾಗಬಾರದು ಅನ್ನುವುದು ಅವನ ಹೆಮ್ಮೆ. ನೆಲದ ಕಬ್ಬಿಣದ ಬಳೆಗೆ ಹಗ್ಗ ತೂರಿಸಿ, ಕೋಣದ ತಲೆ ಬಗ್ಗಿಸಿ ಹಿಡಿಯುವವನು ಹೆಂಡತಿಯ ತಮ್ಮ. ಬೇರೆಯವರು ಹೊಡೆಯುವಾಗ ಪ್ರಾಣಿ ನೆಲಕ್ಕೆ ಬೀಳುವ ತನಕ ಹಗ್ಗ ಬಿಡುವಂತಿರಲಿಲ್ಲ. ಆದರೆ ಭಾವನ ಸುತ್ತಿಗೆ ಮೇಲೆದ್ದದ್ದೇ ತಡ, ಬಾಮೈದ ಹಗ್ಗ ಸಡಿಲಬಿಟ್ಟು, ಬೆನ್ನು ತಿರುಗಿಸಿ ಮುಂದಿನ ಕೋಣ ತರಲು ಹೊರಟುಬಿಡುತ್ತಿದ್ದ. ತಿರುಗಿ ನೋಡುವ ಗೋಜಿಗೂ ಹೋಗುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಒಂದೇಟಣ್ಣನ ಬಲಭುಜ ಕೆಟ್ಟಿತು. ಸುತ್ತಿಗೆ ಎತ್ತಿದಾಗ ಒಳಗೆ ಏನೋ ಸಿಕ್ಕಿಹಾಕಿಕೊಳ್ಳುತ್ತಿತ್ತು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಇನ್ನು ಈ ಕೈಯಲ್ಲಿ ಭಾರ ಎತ್ತಕೂಡದು ಎಂದು ಚೀಟಿ ಬರೆದುಕೊಟ್ಟರು. ಅದನ್ನು ಮ್ಯಾನೇಜರಿಗೆ ಕೊಟ್ಟರೆ ಮುಂಬಾಗಿಲ ಮಾಂಸದಂಗಡಿಯಲ್ಲಿ ಕೆಲಸ ಖಾತ್ರಿ. ಚೀಟಿ ಎರಡು ತಿಂಗಳು ಅವನ ಜೇಬಿನಲ್ಲೇ ಕೊಳೆಯಿತು.

ಆ ಎರಡು ತಿಂಗಳು ಅವನ ಹತ್ತಿರ ಸುಳಿಯುವ ಹಾಗಿರಲಿಲ್ಲ. ಅನ್ನದ ತಟ್ಟೆ ಗೋಡೆಗೆ ಹಾರಿತು. ಬಚ್ಚಲಿನ ಬಾಗಿಲು ತೆರೆಯಲು ತಡವಾಯಿತೆಂದು ಚಿಲಕವನ್ನೇ ಒದ್ದು ಮುರಿದ. ಚರ್ಮಕ್ಕೆ ಉಪ್ಪು ಸವರುವವನು, "ಏನಣ್ಣ, ಭುಜ ತಿಕ್ಕೋತಿದೀಯ, ಮುದುಕ ಆದ್ಯಾ?" ಎಂದು ತಮಾಷೆ ಮಾಡಿದ್ದಕ್ಕೆ ಅವನ ಬಾಯಿಗೆ ಗುದ್ದಿದ. ಮುಂದಿನ ಎರಡು ಹಲ್ಲು ಉಪ್ಪಿನ ರಾಶಿಯಲ್ಲಿ ಬಿದ್ದವು. ಎಲ್ಲರೂ ಅದನ್ನು ಕೋಪ ಅಂದರು. ಕೋಪವೂ ಅಲ್ಲ, ಮಣ್ಣೂ ಅಲ್ಲ. ಹೆದರಿದ ಕೋಣವೇ ಒದೆಯುವುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೂ ತನ್ನ ವಿಷಯಕ್ಕೆ ಬಂದಾಗ ಆ ಮಹಾರಾಯನಿಗೆ ಅದು ಹೊಳೆಯಲೇ ಇಲ್ಲ.

ಹೊಳೆದದ್ದು ಹೆಂಡತಿಗೆ.

"ಚೀಟಿ ಕೊಟ್ಬಿಡ್ರೀ. ನಿಮಗೆ ಭಯ, ಅಷ್ಟೇ."

"ಭಯಾನಾ? ನನಗಾ?" ಅವನು ಸ್ಟೂಲೆತ್ತಿ ಬೀಸಿದ. ಕನ್ನಡಿ ಚೂರುಚೂರಾಯಿತು. "ಅಂಗಡೀಲಿ ನಿಂತು, 'ಬನ್ನಿ ಅಮ್ಮ, ಏನ್ ಬೇಕಮ್ಮ' ಅಂತ ಹಲ್ಲು ಕಿರೀಲಾ?"

"ಕಿರೀರಿ. ನಿಮಗೆ ಹಲ್ಲಾದ್ರೂ ಇವೆ. ಪಾಪ, ಆ ಉಪ್ಪಿನವನಿಗೆ ಅದನ್ನೂ ಉಳಿಸಿಲ್ಲ ನೀವು."

ಅವಳ ಕೆನ್ನೆಯಲ್ಲಿ ಗಾಜಿನ ಚೂರು ಗೀರಿ ರಕ್ತ ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳದೆ ಅವನನ್ನೇ ನೋಡಿದಳು. ಅವನು ಹೊರಗೆ ಹೋದ.

ಮರುದಿನ ಬೆಳಿಗ್ಗೆ ಮೂರನೇ ಕೋಣ. ಸುತ್ತಿಗೆ ಎದ್ದಿತು. ಬಾಮೈದ ಎಂದಿನಂತೆ ಹಗ್ಗ ಬಿಟ್ಟು ತಿರುಗಿದ. ಭುಜ ನಡುವೆಯೇ ಸಿಕ್ಕಿಕೊಂಡಿತು. ಸುತ್ತಿಗೆ ಓರೆಯಾಗಿ ಇಳಿದು ಕೋಣದ ಕಣ್ಣನ್ನು ಒಡೆಯಿತು. ಅದು ಸಾಯಲಿಲ್ಲ. ಕಿವಿ ಕಿತ್ತುಹೋಗುವಂತೆ ಅರಚಿ, ಬಳೆಯಿಂದ ಹಗ್ಗ ಕಿತ್ತುಕೊಂಡು ಮುನ್ನುಗ್ಗಿತು. ಬಾಮೈದನ ತೊಡೆಗೆ ಕೊಂಬು ಹೊಕ್ಕಿತು. ಅವನನ್ನು ಎತ್ತಿ ಗೋಡೆಗೆ ಅಪ್ಪಳಿಸಿ, ಬಿದ್ದವನ ಮಂಡಿಯ ಮೇಲೆ ಎರಡು ಕಾಲೂರಿ ನಿಂತಿತು. ಮೂಳೆ ಮುರಿದ ಸದ್ದು ಅಷ್ಟು ದೊಡ್ಡ ಹಾಲಿನ ಆ ತುದಿಗೂ ಕೇಳಿತು. ಒಂದೇಟಣ್ಣ ಎಡಗೈಯಲ್ಲಿ ಸುತ್ತಿಗೆ ಹಿಡಿದು ಎರಡನೇ ಏಟು ಹಾಕಿದ. ಆಮೇಲೆ ಮೂರನೆಯದು. ಆಮೇಲೆ ಲೆಕ್ಕವಿಲ್ಲ. ಕೋಣ ಬಿದ್ದ ಮೇಲೂ ಕೂಗುತ್ತಾ ಹೊಡೆಯುತ್ತಲೇ ಇದ್ದ. ನಾಲ್ಕು ಜನ ಸೇರಿ ಅವನನ್ನು ಹಿಡಿದೆಳೆಯಬೇಕಾಯಿತು.

ಬಾಮೈದನ ಕಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. ಐದನೇ ದಿನ ಮಧ್ಯಾಹ್ನ ಒಂದೇಟಣ್ಣ ಆಸ್ಪತ್ರೆಗೆ ಹೋದ. ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ಅವನು ಮಂಚದ ಪಕ್ಕದಲ್ಲಿ ನಿಂತುಕೊಂಡೇ ಮಾತಾಡಿದ.

"ಭುಜ ಹೋಗಿ ಎರಡು ತಿಂಗಳಾಗಿತ್ತು ಕಣೋ. ಡಾಕ್ಟರ್ ಚೀಟಿ ಜೇಬಲ್ಲೇ ಇತ್ತು. ಕೊಡೋಕೆ ಹೆದ್ರಿಕೆ ಆಯ್ತು. ಸುತ್ತಿಗೆ ಕೆಳಗಿಟ್ರೆ ಆಮೇಲೆ ನಾನು ಯಾರು ಅಂತ... ತುಂಬಾ ಹೆದ್ರಿಕೆ ಆಯ್ತು. ಅದು ಹೆದ್ರಿಕೆ ಅಂತಾನೂ ಗೊತ್ತಾಗ್ಲಿಲ್ಲ."

ಬಾಮೈದ ಬೈದಿದ್ದರೆ ಒಂದೇಟಣ್ಣ ತಡೆದುಕೊಳ್ಳುತ್ತಿದ್ದ. ಅದಕ್ಕೆ ಸಿದ್ಧವಾಗಿಯೇ ಬಂದಿದ್ದ.

"ಒಂದ್ ಮಾತು ಹೇಳಿದ್ರೆ ಸಾಕಿತ್ತು ಭಾವ," ಎಂದ ಬಾಮೈದ. "ಹಗ್ಗ ಗಟ್ಟಿಯಾಗಿ ಹಿಡ್ಕೋತಿದ್ದೆ."

ಒಂದೇಟಣ್ಣ ನೆಲದ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ. ನರ್ಸ್ ಬಂದು ಗದರಿಸಿದರೂ ಏಳಲಿಲ್ಲ. ಬಾಮೈದ ಅವನನ್ನು ಕ್ಷಮಿಸಿದ ಅಂತೇನೂ ಅಲ್ಲ. ಮುಖ ತಿರುಗಿಸಿಕೊಂಡು ಮಲಗಿದ.

ಮುಂದಿನ ವಾರ ಒಂದೇಟಣ್ಣ ಚೀಟಿ ಕೊಟ್ಟು ಅಂಗಡಿಯಲ್ಲಿ ನಿಂತ. ಮೊದಲ ಗಿರಾಕಿಯಾಗಿ ಚೀಲ ಹಿಡಿದ ಹೆಂಗಸೊಬ್ಬಳು ಬಂದು ಅರ್ಧ ಕೆಜಿ ಕೇಳಿದಳು. ಅವನು ಚಾಕು ಎತ್ತಿದ. ಕೈ ಕಾಣುವಂತೆಯೇ ನಡುಗಿತು. ಅವನು ಅದನ್ನು ಮುಚ್ಚಿಡಲಿಲ್ಲ.

"ಹೊಸಬ ನಾನು. ಕೈ ನಡುಗ್ತಿದೆ, ಸ್ವಲ್ಪ ತಡ ಆಗುತ್ತೆ," ಎಂದ. "ನಿಲ್ತೀರಾ ಅಮ್ಮ?"