ಹಿಂದಿನ ಸಾಲಿನ ಮುಖ

2022ರ ಬೇಸಿಗೆ. ಕೊರೊನಾ ಕಾಲದಲ್ಲಿ ಮುಂದೂಡಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದು ಮೈಮೇಲೆ ಬಿದ್ದಿದ್ದವು. ಆಗ ನಾನು ಇಳಕಲ್ಲಿನಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೆ. ಹೆಸರು ದಸ್ತಗೀರ್, ಊರಿನವರ ಬಾಯಲ್ಲಿ ಫೋಟೋ ಮಾಮಾ. ವೀರಣ್ಣ ನನ್ನ ಪಾಲುದಾರ. ನೇಕಾರರ ಮನೆತನದವನು, ಮಗ್ಗ ಬಿಟ್ಟು ವಿಡಿಯೋ ಹಿಡಿದವನು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನಾದರೂ ಗಂಟಲು ಮಾತ್ರ ನನಗಿಂತ ದೊಡ್ಡದು. ನಾನು ಫೋಟೋದವನು, ಅವನು ವಿಡಿಯೋದವನು. ಈ ಜಗಳ ನಮ್ಮ ಅಂಗಡಿಯಲ್ಲಿ ಬೆಳಗಿನ ಚಹಾದ ಜೊತೆ ಶುರುವಾಗಿ ಷಟರ್ ಎಳೆಯುವಾಗ ಮುಗಿಯುತ್ತಿತ್ತು.

ಆ ವರ್ಷ ಜಗಳಕ್ಕೆ ಒಂದು ಕಾರಣವೂ ಸಿಕ್ಕಿತು. ಹಳೆಯ ಎರಡು ಕ್ಯಾಮೆರಾಗಳನ್ನು ಕೊಟ್ಟು ಹೊಸದೊಂದು ಹೈಬ್ರಿಡ್ ಕ್ಯಾಮೆರಾ ತರಬೇಕೆಂದು ಇಬ್ಬರೂ ಒಪ್ಪಿದ್ದೆವು. ಫೋಟೋ, ವಿಡಿಯೋ ಎರಡನ್ನೂ ಮಾಡುವ ಕ್ಯಾಮೆರಾಕ್ಕೆ ಹೈಬ್ರಿಡ್ ಎನ್ನುತ್ತಾರೆ. ಎರಡನ್ನೂ ಚೆನ್ನಾಗಿ ಮಾಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಅದು ಸುಳ್ಳು. ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದರಿಂದ ಕಿತ್ತುಕೊಂಡೇ ಕೊಟ್ಟಿರುತ್ತಾರೆ.

ನಮ್ಮ ಮುಂದೆ ಎರಡು ಕ್ಯಾಮೆರಾ ಇದ್ದವು. ಒಂದು ನಲವತ್ತೈದು ಮೆಗಾಪಿಕ್ಸೆಲ್ಲಿನದು, ಎಂದರೆ ಒಂದು ಚಿತ್ರದಲ್ಲಿ ನಾಲ್ಕೂವರೆ ಕೋಟಿ ಚುಕ್ಕೆ. ಗುಂಪಿನ ಫೋಟೋ ತೆಗೆದು ಅದರಲ್ಲಿ ಒಬ್ಬರನ್ನೇ ಕತ್ತರಿಸಿ ದೊಡ್ಡದು ಮಾಡಿದರೂ ಮುಖ ಕೆಡುವುದಿಲ್ಲ. ಆದರೆ ವಿಡಿಯೋಕ್ಕೆ ಹಚ್ಚಿದರೆ ಬೇಗ ಬಿಸಿಯೇರಿ ನಿಂತುಬಿಡುತ್ತದೆ. ಇನ್ನೊಂದು ಬರೀ ಹನ್ನೆರಡು ಮೆಗಾಪಿಕ್ಸೆಲ್. ಚುಕ್ಕೆ ಕಡಿಮೆ, ಆದರೆ ಒಂದೊಂದು ಚುಕ್ಕೆಯೂ ದೊಡ್ಡದು. ಮಬ್ಬು ಬೆಳಕಿನಲ್ಲೂ ವಿಡಿಯೋ ಹಾಲಿನಂತೆ ಬರುತ್ತದೆ, ಎಷ್ಟು ಹೊತ್ತು ಓಡಿಸಿದರೂ ನಿಲ್ಲುವುದಿಲ್ಲ.

ನನ್ನ ವಾದ ಇದು. ನಮ್ಮ ಅಂಗಡಿಗೆ ವರ್ಷವಿಡೀ ಬರುವ ಗಿರಾಕಿಗಳಲ್ಲಿ ಮದುವೆಯವರಷ್ಟೇ ಸತ್ತವರ ಮನೆಯವರೂ ಇರುತ್ತಾರೆ. ಯಾರದೋ ಮದುವೆಯ ಆಲ್ಬಮ್ ಬಗಲಲ್ಲಿಟ್ಟುಕೊಂಡು ಬರುತ್ತಾರೆ, ಗುಂಪಿನ ಫೋಟೋದಲ್ಲಿ ಒಂದು ಮುಖದ ಮೇಲೆ ಬೆರಳಿಡುತ್ತಾರೆ, ‘ಇವರೊಬ್ಬರನ್ನ ದೊಡ್ಡದು ಮಾಡಿ ಕೊಡ್ರಿ’ ಎನ್ನುತ್ತಾರೆ. ನಮ್ಮ ಕಡೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಹಿರಿಯರಲ್ಲಿ ಅರ್ಧ ಜನ ಹೀಗೆ ಯಾರದೋ ಮದುವೆಯಿಂದ ಎದ್ದು ಬಂದವರು. ಅವರಿಗಾಗಿ ಚುಕ್ಕೆ ಬೇಕು ಎಂದೆ.

ವೀರಣ್ಣ ನಕ್ಕ. “ಮಾಮಾ, ಈಗ ಎಲ್ಲಾರ ಕಿಸೇದಾಗ ಫೋನ್ ಅದಾವ. ಫೋಟೋ ಇಲ್ಲದ ಮನಷ್ಯಾ ಈ ಕಾಲದಾಗ ಯಾಂವ ಅದಾನ್ರಿ? ಮಂದಿಗೆ ರೀಲ್ ಬೇಕು, ವಿಡಿಯೋ ಬೇಕು. ನಿಮ್ಮ ಚುಕ್ಕಿ ಯಾರು ಎಣಸ್ತಾರ?”

ಮಾತಿನಿಂದ ಮುಗಿಯದೆ ಎರಡನ್ನೂ ಬಾಗಲಕೋಟೆಯಲ್ಲಿ ಬಾಡಿಗೆಗೆ ತೆಗೆದುಕೊಂಡು ಅಲ್ಲಿಯದೇ ಒಂದು ಮದುವೆಯಲ್ಲಿ ಹೋಲಿಸಿ ನೋಡಿದೆವು. ಮಧ್ಯಾಹ್ನದ ಮುಹೂರ್ತ, ಮೇಲೆ ತಗಡಿನ ಮಂಟಪ. ಎರಡರಲ್ಲೂ ವಿಡಿಯೋ ಹಚ್ಚಿದೆವು. ಭಟ್ಟರು ಅಕ್ಷತೆ ಹಂಚುವ ಹೊತ್ತಿಗೆ ನನ್ನ ಕ್ಯಾಮೆರಾದ ಪರದೆಯ ಮೇಲೆ ಕಾವಿನ ಕೆಂಪು ಗುರುತು ಬಂತು. ತಾಳಿ ಕಟ್ಟುವಾಗ ಪರದೆ ಕಪ್ಪಾಯಿತು. ವೀರಣ್ಣ ತನ್ನದರಲ್ಲಿ ನಿಲ್ಲಿಸದೆ ತೆಗೆಯುತ್ತಿದ್ದ. “ಮಾಮಾ, ನಿಮ್ಮ ಮೆಗಾಪಿಕ್ಸೆಲ್ ಮಕ್ಕೊಂಡಾವ ನೋಡ್ರಿ,” ಎಂದ.

ವಾದದಲ್ಲಿ ನಾನು ಸೋತೆ, ನ್ಯಾಯವಾಗಿಯೇ ಸೋತೆ. ತಾಳಿಯ ಹೊತ್ತಿಗೆ ಮಲಗುವ ಕ್ಯಾಮೆರಾವನ್ನು ನಮ್ಮ ಬಿಸಿಲಿನಲ್ಲಿ ಯಾವ ಮೋರೆ ಇಟ್ಟುಕೊಂಡು ಒಯ್ಯುವುದು? ಹನ್ನೆರಡು ಮೆಗಾಪಿಕ್ಸೆಲ್ಲಿನದೇ ಬಂತು. ಇಂದು ಮತ್ತೆ ಕೇಳಿದರೂ ಅದನ್ನೇ ಕೊಳ್ಳಬೇಕಾಗುತ್ತದೆ. ನನ್ನ ಸಂಕಟವೂ ಅದೇ. ತಪ್ಪಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು.

ಹೊಸ ಕ್ಯಾಮೆರಾದ ಮೊದಲ ದೊಡ್ಡ ಕೆಲಸ ಇಳಕಲ್ಲಿನಲ್ಲೇ ಒಂದು ಮದುವೆ. ಅದೊಂದನ್ನೇ ಫೋಟೋಕ್ಕೆ ನಾನು, ವಿಡಿಯೋಕ್ಕೆ ವೀರಣ್ಣ ಕೈಬದಲಿಸಿ ಬಳಸಿದೆವು. ಅಲ್ಲಿ ಒಬ್ಬ ನಮಗೆ ಬಹಳ ಕಾಟ ಕೊಟ್ಟ. ಹುಡುಗಿಯ ಕಾಕನ ಮಗನಂತೆ. ಎಲ್ಲಿ ತಿರುಗಿದರೂ ಫೋನು ಮುಖದ ಮುಂದೆ ಹಿಡಿದು ಅಡ್ಡ ನಿಂತಿರುತ್ತಿದ್ದ. ಅರಿಶಿನಕ್ಕೂ ಅವನೇ, ಅಕ್ಷತೆಗೂ ಅವನೇ. ಎರಡು ಸಲ ಸುಮ್ಮನಿದ್ದೆ. ಮೂರನೆಯ ಸಲ ಬೈದೆ. “ಏ ತಮ್ಮಾ, ಆ ಕಡೆ ಸರಿ. ನಾವ ಇಲ್ಲಿ ಏನ್ ಮಾಡಾಕ ಬಂದೇವಿ?”

“ಸಿಟ್ಟಾಗಬ್ಯಾಡ್ರಿ ಮಾಮಾ,” ಎಂದ ಫೋನಿನ ಹಿಂದಿನಿಂದಲೇ. “ಮನ್ಯಾಗ ಬಾಣಂತಿ ಅದಾಳ್ರಿ. ಬರಾಕ ಆಗಲಿಲ್ಲ. ಆಕಿಗೆ ಎಲ್ಲಾ ತೋರಸ್ಬೇಕು.”

ಊಟಕ್ಕೆ ಮುಂಚೆ ಎರಡೂ ಕಡೆಯ ಬೀಗರನ್ನು ಒಟ್ಟಿಗೆ ನಿಲ್ಲಿಸಿ ಗುಂಪಿನ ಫೋಟೋ ತೆಗೆಯಬೇಕಾಯಿತು. ಅಷ್ಟೂ ಜನ ಚೌಕಟ್ಟಿನಲ್ಲಿ ಹಿಡಿಯಲೆಂದು ನಾನು ಮಂಟಪದ ಬಾಗಿಲಿನವರೆಗೂ ಹಿಂದಕ್ಕೆ ಹೋದೆ. ಕಡೆಯ ಸಾಲಿನಲ್ಲಿ ಮತ್ತೆ ಅದೇ ಫೋನು. “ಹಿಂದಿನವರು ಫೋನ್ ಕೆಳಗ ಇಳಸ್ರಿ,” ಎಂದು ಕೂಗಿದೆ. ಇಳಿಸಿ ನಕ್ಕ. ಎರಡು ಸಲ ಒತ್ತಿದೆ. ಎರಡನೆಯದರಲ್ಲಿ ಅವನ ಮುಂದಿನವರ ತಲೆಯ ಪಟಗ ಅಡ್ಡ ಬಂದಿತ್ತು.

ಮಳೆಗಾಲದಲ್ಲಿ ಒಂದು ದಿನ ಇಬ್ಬರು ಹೆಂಗಸರು ಅಂಗಡಿಗೆ ಬಂದರು. ಚಿಕ್ಕವಳು ರೇಣುಕಾ, ಹೆಗಲ ಮೇಲೆ ಕೂಸು. ಜೊತೆಗೆ ಅತ್ತೆ ಗಂಗವ್ವ, ಕಣ್ಣಿಗೆ ಪೊರೆ ಬಂದು ಸೊಸೆಯ ರಟ್ಟೆ ಹಿಡಿದು ನಡೆಯುವವಳು. ಬಾದಾಮಿಯ ಹತ್ತಿರದ ಚೊಳಚಗುಡ್ಡದವರು. ರೇಣುಕಾಳ ಗಂಡ ಹನಮಂತ ಹುನಗುಂದದ ದಾರಿಯಲ್ಲಿ ಬೈಕಿನ ಮೇಲೆ ಹೋಗುವಾಗ ಲಾರಿಗೆ ಸಿಕ್ಕು ತೀರಿಕೊಂಡಿದ್ದ. ಇಳಕಲ್ಲಿನ ಮದುವೆಯಲ್ಲಿ ಅವನಿದ್ದನಂತೆ, ಹುಡುಗಿಯ ಕಾಕನ ಮಗ. ನನಗೆ ಕೂಡಲೇ ಗುರುತು ಹತ್ತಿತು.

“ಫೋಟೋ ಬೇಕ್ರಿ ಮಾಮಾ. ಅವರದೊಂದೂ ಇಲ್ಲ,” ಎಂದಳು ರೇಣುಕಾ.

ನಂಬಲಿಲ್ಲ. ಮದುವೆಯ ಆಲ್ಬಮ್ ಇಲ್ಲವೇ ಎಂದೆ. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಮಲಪ್ರಭೆ ಉಕ್ಕಿ ಮನೆಯೊಳಗೆ ಬಂದ ವರ್ಷ ನೆನೆದು, ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿತ್ತು. ಬಿಡಿಸಿದಲ್ಲೆಲ್ಲ ಬಣ್ಣ ಕಿತ್ತು ಬಂದಿತ್ತು. ಆ ಫೋಟೋ ತೆಗೆದ ಸ್ಟುಡಿಯೋ ಕೊರೊನಾದಲ್ಲಿ ಮುಚ್ಚಿತ್ತು. ಹನಮಂತನ ಫೋನು ಲಾರಿಯ ಗಾಲಿಯಡಿ ಹೋಗಿತ್ತು. ಅವಳ ಫೋನಿನಲ್ಲಿ ಅವನು ತೆಗೆದ ಅವಳ ಫೋಟೋ, ಕೂಸಿನ ಫೋಟೋ ಸಾಕಷ್ಟಿದ್ದವು. ಉಳಿದದ್ದು ಆಧಾರ್ ಕಾರ್ಡು. ಅದರಲ್ಲಿ ಇರುವವನು ಯಾರು ಬೇಕಾದರೂ ಆಗಬಹುದು.

“ಏನ್ ಕೆಲಸ ಮಾಡತಿದ್ರವ್ವಾ?” ಎಂದು ಕೇಳಿದೆ.

“ಬಾದಾಮಿ ಗುಹೆದಾಗ ಗೈಡ್ ಇದ್ರು. ದಿನಾ ಬಂದವರದೆಲ್ಲಾ ಫೋಟೋ ಅವರ ಹೊಡಿತಿದ್ರು. ಇಲ್ಲಿ ನಿಂದರ್ರಿ, ಹಿಂದ ಕೆರಿ ಬರತೈತಿ ಅಂತ. ಯಾವ್ಯಾವ ಊರಾಗೋ ಅವರು ಹೊಡದ ಫೋಟೋ ಅದಾವ್ರಿ. ಅವರದ ಒಂದೂ ಇಲ್ಲ.”

ವೀರಣ್ಣ ನನ್ನ ಮುಖ ನೋಡಲಿಲ್ಲ. ಕಂಪ್ಯೂಟರಿನಲ್ಲಿ ಮದುವೆಯ ಫೈಲು ತೆರೆದ. ಹತ್ತಿರದಿಂದ ತೆಗೆದ ಫೋಟೋಗಳಲ್ಲಿ ಹನಮಂತ ಬಹಳ ಕಡೆ ಇದ್ದ. ಎಲ್ಲ ಕಡೆಯೂ ಮುಖದ ಜಾಗದಲ್ಲಿ ಫೋನು. ವಿಡಿಯೋದಲ್ಲಿ ಫೋನು ಇಳಿಸಿ ನಡೆದು ಹೋಗುವ ಒಂದು ಕ್ಷಣವಿತ್ತು. ಅದನ್ನು ನಿಲ್ಲಿಸಿದರೆ ಗೆರೆಗೆರೆಯಾಗಿ ಕದಡಿದ ಒಂದು ಕಂದು ಬಣ್ಣ. ವಿಡಿಯೋ ನುಣುಪಾಗಿ ಕಾಣಲು ಕ್ಯಾಮೆರಾದ ಕಣ್ಣು ಮುಚ್ಚುವ ಷಟರನ್ನು ನಿಧಾನ ಇಡುತ್ತೇವೆ. ಓಡುವಾಗ ಚೆಂದ, ನಿಲ್ಲಿಸಿದರೆ ಅದರಲ್ಲಿ ಯಾರೂ ಇರುವುದಿಲ್ಲ. ಧ್ವನಿ ಇರಬಹುದೆಂದು ಕೇಳಿದರೆ ಬ್ಯಾಂಡಿನ ಸದ್ದು.

ಉಳಿದದ್ದು ಗುಂಪಿನ ಫೋಟೋ. ಹಿಂದಿನ ಸಾಲಿನ ಮುಖವನ್ನು ಹಿಗ್ಗಿಸಿದೆ. ಅಗಲ ಐವತ್ತು ಚುಕ್ಕೆ. ಐವತ್ತು ಚುಕ್ಕೆಯಲ್ಲಿ ಮೂಗಿದೆ ಎನ್ನಬಹುದು, ಯಾರ ಮೂಗು ಎನ್ನಲಾಗದು. ಆ ಇನ್ನೊಂದು ಕ್ಯಾಮೆರಾದಲ್ಲಾದರೆ ಸುಮಾರು ನೂರು ಇರುತ್ತಿತ್ತು. ನೂರಾದರೂ ಗೋಡೆಗೆ ಸಾಲದು ನಿಜ. ಆದರೆ ಮೂಗು ಅವನದೇ ಇರುತ್ತಿತ್ತು.

“ಇದನ್ನ ಎಐಗೆ ಕೊಟ್ಟು ನೋಡೂಣು ತಡೀರಿ,” ಎಂದ ವೀರಣ್ಣ. ಮಸುಕು ಚಿತ್ರವನ್ನು ಸ್ಪಷ್ಟ ಮಾಡುವ ಸಾಫ್ಟ್‌ವೇರ್ ಅದು. ಇಲ್ಲದ ಚುಕ್ಕೆಗಳನ್ನು ಅದು ಎಲ್ಲಿಂದಲೂ ಹುಡುಕಿ ತರುವುದಿಲ್ಲ. ಬೇರೆ ಲಕ್ಷಾಂತರ ಮುಖಗಳನ್ನು ನೋಡಿ ಕಲಿತದ್ದರಿಂದ ಇಲ್ಲಿ ಹೀಗಿರಬಹುದು ಎಂದು ಊಹಿಸಿ ತುಂಬುತ್ತದೆ. ಪರದೆಯ ಮೇಲೆ ನಿಧಾನವಾಗಿ ಒಬ್ಬ ಗಂಡಸು ಮೂಡಿದ. ಕಣ್ಣಿನ ರೆಪ್ಪೆ ಎಣಿಸುವಷ್ಟು ಸ್ಪಷ್ಟ. ಚೆಲುವ.

ರೇಣುಕಾ ನೋಡಿದಳು. “ಇವರು ಯಾರ್ರಿ?” ಎಂದಳು.

ವೀರಣ್ಣ ಏನು ಬದಲಿಸಲಿ ಎಂದು ಕೇಳಿದ. “ಮೀಸಿ ಇಷ್ಟು ದಪ್ಪ ಇಲ್ರಿ. ಎಡಗಡೆ ಹುಬ್ಬಿನ್ಯಾಗ ಗಾಯದ ಗೆರಿ ಇತ್ತು. ನಕ್ಕರ ತುಟಿ ಒಂದ ಕಡೆ ಹೋಗತಿತ್ತು,” ಎಂದಳು. ಅವನು ಮಧ್ಯಾಹ್ನವೆಲ್ಲ ಕೂತು ತಿದ್ದಿದ. ಪಾಪ, ಊಟಕ್ಕೂ ಏಳಲಿಲ್ಲ. ಮೀಸೆ ಸಣ್ಣ ಮಾಡಿದರೆ ಬೇರೊಬ್ಬ ಬಂದ, ಹುಬ್ಬಿಗೆ ಗೆರೆ ಎಳೆದರೆ ಇನ್ನೊಬ್ಬ ಬಂದ. ಹನಮಂತ ಮಾತ್ರ ಬರಲಿಲ್ಲ. ಕೊನೆಗೆ ಅವಳೇ “ಸಾಕು ಬಿಡ್ರಿ ಅಣ್ಣಾ,” ಎಂದಳು.

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಗಂಗವ್ವ ಎದ್ದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಆ ಪೊರೆಗಣ್ಣಿಗೆ ಏನು ಕಂಡಿತೋ, ಪರದೆಯ ಗಲ್ಲಕ್ಕೆ ಬೆರಳು ಮುಟ್ಟಿಸಿ ತನ್ನ ಹಣೆಗೆ ಒತ್ತಿಕೊಂಡಳು. “ನನ್ನ ಹನಮಾ,” ಎಂದಳು. “ಇದನ್ನ ದೊಡ್ಡದು ಮಾಡಿ ಕೊಡ್ರಿ.”

ನಾನು ರೇಣುಕಾಳ ಕಡೆ ನೋಡಿದೆ. ಬೇಡ ಎನ್ನಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. “ಮಾಡಿ ಕೊಡ್ರಿ. ನಮ್ಮ ಅತ್ತೀಗೆ ಮಗಾ ಸಿಕ್ಕಾನ. ನನಗ ಆ ಖರೆದು ಕೊಡ್ರಿ, ಎಷ್ಟು ಸಣ್ಣದಾದ್ರೂ ಆಗಲಿ.”

ಅಂಚೆಚೀಟಿಯ ಗಾತ್ರದಲ್ಲಿ ಮುದ್ರಿಸಿದರೆ ಐವತ್ತು ಚುಕ್ಕೆಯೂ ಮುಖದಂತೆ ಕಾಣುತ್ತದೆ. ಅಷ್ಟನ್ನು ಮಾಡಿ ಕೊಟ್ಟೆ. ಕಣ್ಣ ಹತ್ತಿರ ತಂದಳು, ದೂರ ಹಿಡಿದಳು. “ದೂರ ಹಿಡದ್ರ ಅವರ ಅದಾರ,” ಎಂದು ಪರ್ಸಿನಲ್ಲಿಟ್ಟುಕೊಂಡಳು. ಇನ್ನೊಂದು, ಆ ಚೆಲುವನದು, ಕಟ್ಟು ಹಾಕಿಸಿಕೊಂಡು ಹೋಯಿತು.

ಅಂದಿನಿಂದ ನಾನು, ವೀರಣ್ಣ ಕ್ಯಾಮೆರಾಗಳ ಬಗ್ಗೆ ಜಗಳವಾಡಲಿಲ್ಲ. ಒಂದು ಬೇಕೆಂದರೆ ಇನ್ನೊಂದನ್ನು ಬಿಡಬೇಕು ಎಂಬುದು ಇಬ್ಬರಿಗೂ ಮೊದಲಿನಿಂದ ಗೊತ್ತಿತ್ತು. ಬಿಟ್ಟದ್ದು ಕೂಸನ್ನು ಹೊತ್ತುಕೊಂಡು ಅಂಗಡಿಗೆ ಬರುತ್ತದೆ ಎಂದು ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ಸ್ಟುಡಿಯೋ ಪೂರ್ತಿ ಅವನಿಗೇ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತೆ.

ಕಳೆದ ಚಳಿಗಾಲದಲ್ಲಿ ಸಂಬಂಧಿಕರ ಕೆಲಸಕ್ಕೆ ಬಾದಾಮಿಗೆ ಹೋಗಿದ್ದವನು ಚೊಳಚಗುಡ್ಡದ ದಾರಿ ಹಿಡಿದೆ. ಯಾಕೆ ಹೋದೆ ಎಂದರೆ ಹೇಳಲು ಬರುವುದಿಲ್ಲ. ಗಂಗವ್ವ ತೀರಿಹೋಗಿದ್ದಳು. ರೇಣುಕಾ ಅಂಗನವಾಡಿಯಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದಳು. ಪಡಸಾಲೆಯ ಗೋಡೆಯ ಮೇಲೆ ನಮ್ಮ ಸಾಫ್ಟ್‌ವೇರ್ ಹೆತ್ತ ಗಂಡಸು ಹಾರ ಹಾಕಿಕೊಂಡು ಕೂತಿದ್ದ. ಓಡಾಡುವಷ್ಟು ಬೆಳೆದಿದ್ದ ಮಗಳು, ಯಾರೂ ಕೇಳದಿದ್ದರೂ ಅವನ ಕಡೆ ಕೈ ತೋರಿಸಿ “ನಮ್ಮಪ್ಪ” ಎಂದಳು.

ರೇಣುಕಾ ಚಹಾ ತಂದಿಟ್ಟು ಎದುರಿಗೆ ಕೂತಳು. ಪರ್ಸಿನಲ್ಲಿದ್ದ ಸಣ್ಣ ಫೋಟೋ ಬೆವರಿಗೆ ಬಣ್ಣ ಬಿಟ್ಟು ಬಿಳಿಯ ಚೀಟಿಯಾಗಿತ್ತು. ಇನ್ನೊಂದು ಮುದ್ರಿಸಿ ಕಳಿಸುತ್ತೇನೆ ಎಂದೆ.

“ಕಳಸ್ರಿ,” ಎಂದಳು. “ಮೊದಲೆಲ್ಲಾ ದಿನಾ ಅದನ್ನ ನೋಡಿ, ಗ್ವಾಡಿ ಮ್ಯಾಲಿನವರಿಗೆ ನೀವಲ್ಲ ಅಂತಿದ್ದೆ. ಈಗ ಕಣ್ಣ ಮುಚ್ಚಿದ್ರ ಇವರ ಬರ್ತಾರ್ರಿ ಮಾಮಾ. ಅವರು ಬರವಲ್ರು. ಮೀಸಿ ಹೆಂಗಿತ್ತು ಅಂತ ನೆನಸಾಕ ಹೋದ್ರ ಇವರ ಮೀಸಿನ ಬರತೈತಿ.” ಚಹಾದ ಲೋಟ ನನ್ನ ಕಡೆ ಸರಿಸಿ ಕೇಳಿದಳು: “ನೀವು ಮದುವ್ಯಾಗ ಅವರನ್ನ ನೋಡೀರಲ್ಲ. ನಿಮಗರ ನೆನಪೈತೇನ್ರಿ?”

“ಐತವ್ವಾ,” ಎಂದೆ. ಬೇರೆ ಏನೆನ್ನಲಿ? ಫೋನು ಹಿಡಿದು ಅಡ್ಡ ಬಂದದ್ದು, ನಾನು ಬೈದದ್ದು, ಮನೆಯಲ್ಲಿ ಬಾಣಂತಿ ಇದ್ದಾಳೆ, ಅವಳಿಗೆಲ್ಲ ತೋರಿಸಬೇಕು ಎಂದು ಅವನು ಹೇಳಿದ್ದು ಎಲ್ಲವನ್ನೂ ಹೇಳಿದೆ.

ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಅವರ ಮಾತು ನನಗ ಗೊತ್ತೈತ್ರಿ. ಮಾರಿ ಹೇಳ್ರಿ.”

ಕಣ್ಣು ಮುಚ್ಚಿದೆ. ಮಂಟಪದ ಬಾಗಿಲು ಬಂತು, ಸಾಲು ಸಾಲು ಬೀಗರು ಬಂದರು. ಹಿಂದಿನ ಸಾಲಿನಲ್ಲಿ ಒಂದು ಫೋನು ಕೆಳಗಿಳಿಯಿತು. ನಾನು ಆಗ ನೋಡುತ್ತಿದ್ದದ್ದು ಫೋಕಸ್ಸಿನ ಹಸಿರು ಚೌಕ, ಬೆಳಕಿನ ಅಳತೆ, ತುದಿಯಲ್ಲಿ ಯಾರೂ ಕತ್ತರಿಸಿ ಹೋಗಬಾರದೆಂಬ ಅಂಚು. ಜೀವಮಾನವೆಲ್ಲ ಜನರಿಗೆ ‘ಇಲ್ಲಿ ನೋಡ್ರಿ’ ಎನ್ನುತ್ತಾ ಬಂದ ನಾನು ಯಾರನ್ನೂ ನೋಡಿರಲಿಲ್ಲ. ಕ್ಯಾಮೆರಾ ನೋಡುತ್ತದೆ ಎಂದುಕೊಂಡಿದ್ದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ಯಾರಿಗೂ ಉಪಯೋಗಕ್ಕೆ ಬಾರದ ಹೊತ್ತಿಗೆ.

ಫೋನು ಇಳಿದ ಜಾಗದಲ್ಲಿ ನನಗೂ ಗೋಡೆಯ ಮೇಲಿನವನೇ ಬಂದ. ಕಣ್ಣು ತೆರೆದಾಗ ರೇಣುಕಾ ಇನ್ನೂ ಕಾಯುತ್ತಿದ್ದಳು.