ಮಗಳ ಕುಬಸಕ್ಕೆ ಹೋದ ವೈನಿ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಸುಶೀಲಾಬಾಯಿ, ಬೀದರ ಕಡೆಯಿಂದ ನಾಸಿಕಕ್ಕೆ ಸೊಸೆಯಾಗಿ ಬಂದವಳು. ಅಣ್ಣ ವಿಶ್ವನಾಥಪ್ಪ ಪಿಂಪಳಗಾಂವ್ ಬಸವಂತ್ ಮಾರ್ಕೆಟಿಗೆ ಉಳ್ಳಾಗಡ್ಡಿ ತುಂಬುವ ಚೀಲ ಪೂರೈಸುತ್ತಾನೆ. ನನ್ನ ಗಂಡ ತೀರಿಕೊಂಡ ಮೇಲೆ ನಾನೂ ಅವರ ಮನೆಯ ಮೇಲಿನ ಖೋಲಿಯಲ್ಲೇ ಇದ್ದೇನೆ. ನನ್ನ ನಾಲಿಗೆ ಹರಿತ, ವೈನಿಗೆ ಬಾಯೇ ಇಲ್ಲ. ಹೀಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ನಲವತ್ನಾಲ್ಕಕ್ಕೆ ಮುಟ್ಟು ನಿಂತಾಗ ವೈನಿ ಹಿಗ್ಗಿದಳು. ಪೀಡೆ ತೊಲಗಿತು ಎಂದು ಮಗಳು ಪ್ರಿಯಾಗೂ ಫೋನಿನಲ್ಲಿ ಹೇಳಿದಳು. ಹೊಟ್ಟೆ ತೊಳಸಿದರೆ, ಮೈ ಬಿಸಿಯಾದರೆ, ಎಲ್ಲಕ್ಕೂ ವಯಸ್ಸೇ ಕಾರಣವಾಯಿತು. ಆಗ ಮನೆಯಲ್ಲಿ ಮಾತೆಲ್ಲ ಸಂಭಾಜಿನಗರದಲ್ಲಿದ್ದ ಪ್ರಿಯಾಳ ಚೊಚ್ಚಲ ಬಸಿರಿನದು. ಮಗಳ ಹೊಟ್ಟೆಯ ಚಿಂತೆಯಲ್ಲಿ ತಾಯಿಯ ಹೊಟ್ಟೆಯನ್ನು ನೋಡುವವರು ಯಾರು? ನಾನೂ ನೋಡಲಿಲ್ಲ.

ಒಂದು ದಿನ ವೈನಿಗೆ ಹೊಟ್ಟೆಯೊಳಗೆ ಏನೋ ಮಿಸುಕಿದಂತಾಯಿತಂತೆ. ದವಾಖಾನೆಗೆ ಕರೆದುಕೊಂಡು ಹೋದೆ. ನಾಲ್ಕು ತಿಂಗಳು ದಾಟಿದೆ ಎಂದರು ಡಾಕ್ಟರಬಾಯಿ. ಇಟ್ಟುಕೊಂಡರೆ ಈ ವಯಸ್ಸಿಗೆ ಅಪಾಯವುಂಟು, ಜೋಪಾನ ಮಾಡಿದರೆ ಆಗದ್ದೇನಲ್ಲ, ಬೇಡವೆಂದರೆ ಇನ್ನು ತಡಮಾಡುವಂತಿಲ್ಲ ಎಂದು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿದರು. ಯಜಮಾನರ ಸಹಿ ಬೇಕೇ ಎಂದು ವೈನಿ ಕೇಳಿದಳು. ಬೇಕಿಲ್ಲ, ನಿಮ್ಮ ಒಪ್ಪಿಗೆಯೊಂದೇ ಸಾಕು ಎಂದರು. ರಿಕ್ಷಾದಲ್ಲಿ ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ಯಾರರ ಬ್ಯಾಡ ಅಂದಿದ್ರ ಅವರ ಮ್ಯಾಲೆ ಸಿಟ್ಟಾಗ್ತಿದ್ದೆ. ಈಗ ಯಾರ ಮ್ಯಾಲೆ ಸಿಟ್ಟಾಗ್ಲಿ?"

ಅಣ್ಣ ಸುದ್ದಿ ಕೇಳಿ ಮೊದಲು ನಕ್ಕ. ಗಂಡಸರಿಗೆ ಅದೊಂದು ಹೆಮ್ಮೆ. ಆಮೇಲೆ ಬೀಗರು ನೆನಪಾದರು, ಮುಖ ಇಳಿಯಿತು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರಲಿ ಎಂದ. ಮರುದಿನ ಚಹಾ ಕುಡಿಯದೆ ಮಾರ್ಕೆಟಿಗೆ ಓಡಿದ, ಅಲ್ಲಿಂದ ಮುಂದೆ ಆ ಮಾತನ್ನೇ ಎತ್ತಲಿಲ್ಲ. ಹೆತ್ತರೆ ನಾನು ಸಾಕುತ್ತೇನೆ ಎಂದು ನಾನು ಹೇಳಿದೆ. ಸಾಕುವವಳು ನೀನಾದರೂ ಹೊರುವವಳು ನಾನಲ್ಲವೇ ಎಂದಳು ವೈನಿ. ಬೆಳಿಗ್ಗೆ ಬೇಕೆನಿಸುತ್ತಿತ್ತು, ಸಂಜೆ ಬೇಡವೆನಿಸುತ್ತಿತ್ತು. ದಿನಗಳು ಮಾತ್ರ ಯಾರನ್ನೂ ಕೇಳದೆ ಹೋಗುತ್ತಿದ್ದವು.

ಅಷ್ಟರಲ್ಲಿ ಪ್ರಿಯಾಳ ಏಳನೇ ತಿಂಗಳ ಕುಬಸ ಬಂತು. ತವರಿನಿಂದ ಹಸಿರು ಸೀರೆ, ಬಳೆ ಒಯ್ದು, ತಾಯಿ ಮೊದಲು ಉಡಿ ತುಂಬಬೇಕು. ಆದರೆ ಬಸುರಿ ಬಸುರಿಗೆ ಉಡಿ ತುಂಬಬಾರದು, ಇಬ್ಬರಲ್ಲಿ ಒಬ್ಬರ ಕೂಸಿಗೆ ಕೇಡು ಎನ್ನುತ್ತಾರೆ ನಮ್ಮಲ್ಲಿ. ಹೇಗೂ ತೆಗೆಸಿಬಿಡುತ್ತೇನೆ, ಆ ಶಾಸ್ತ್ರ ನನಗೆ ತಾಕುವುದಿಲ್ಲ ಎಂದು ಬಸ್ಸಿನುದ್ದಕ್ಕೂ ವೈನಿ ತನಗೆ ತಾನೇ ಹೇಳಿಕೊಂಡಳು.

ಬೀಗರ ಮನೆ ತುಂಬ ಹೆಂಗಸರು. ಅಳಿಯ ಶಿವಲಿಂಗ ಬಿಡಕಿನ್ ಊರಿನ ಫ್ಯಾಕ್ಟರಿ ಕೆಲಸಕ್ಕೆ ರಜೆ ಹಾಕಿ ಓಡಾಡುತ್ತಿದ್ದ. ಬೀಗತಿ ರಾಧಾಬಾಯಿ ಅಕ್ಕಿ, ಕೊಬ್ಬರಿ, ಉತ್ತತ್ತಿಯ ತಟ್ಟೆಯನ್ನು ವೈನಿಯ ಕೈಗಿತ್ತರು. ಪ್ರಿಯಾ ಸೆರಗು ಒಡ್ಡಿ ಕುಳಿತಿದ್ದಳು. ವೈನಿ ಬೊಗಸೆ ತುಂಬ ಅಕ್ಕಿ ತೆಗೆದುಕೊಂಡಳು. ಕೈ ಮುಂದೆ ಹೋಗಲಿಲ್ಲ.

"ನಾ ತುಂಬೂ ಹಂಗಿಲ್ರಿ," ಎಂದು ತಟ್ಟೆ ಕೆಳಗಿಟ್ಟಳು.

ಅವಳು ಮುಟ್ಟಾಗಿದ್ದಾಳೆಂದು ಹೆಂಗಸರು ತಿಳಿದರು. ರಾಧಾಬಾಯಿ ಮುಖ ಸಿಂಡರಿಸಿದರೂ ಬೇರೆ ಮುತ್ತೈದೆಯನ್ನು ಕರೆದರು. ನನ್ನನ್ನಂತೂ ಯಾರೂ ಕರೆಯುವುದಿಲ್ಲ, ವಿಧವೆಯ ಕೈ ಅಕ್ಕಿ ಆರಿಸಲಿಕ್ಕಷ್ಟೇ ಬೇಕು. ಆದರೆ ತಾಯಿಗೆ ಮುಟ್ಟು ನಿಂತದ್ದು ಪ್ರಿಯಾಗೆ ಗೊತ್ತಿತ್ತು. ಊಟದ ಗದ್ದಲದಲ್ಲಿ ನಮ್ಮಿಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿದಳು. ವೈನಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಹುಡುಗಿ ಬಿಳಿಚಿದಳು. ಜನ ಏನೆನ್ನುತ್ತಾರೆ ಎಂದು ಮರಾಠಿಯಲ್ಲಿ ಶುರುಮಾಡಿದವಳು ಕೊನೆಗೆ ಅಳುತ್ತ ಕನ್ನಡಕ್ಕೆ ಬಂದಳು.

"ಹಂಗಾರ ನನ್ನ ಬಾಣಂತನ ಯಾರ್ ಮಾಡ್ತಾರ, ಆಯಿ?"

ಕಪಾಳಕ್ಕೆ ಬಾರಿಸೋಣ ಎನಿಸಿತು ನನಗೆ. ಆದರೆ ಅವಳಿಗೂ ಚೊಚ್ಚಲ, ಅವಳಿಗೂ ಹೆದರಿಕೆ. ವೈನಿ ಮಗಳ ತಲೆಯನ್ನು ಎದೆಗೊತ್ತಿಕೊಂಡು, ನಾನೇ ಮಾಡುತ್ತೇನೆ ಮಗಳೇ, ಮತ್ತ್ಯಾರು ಮಾಡುತ್ತಾರೆ ಎಂದಳು. ಒಂಬತ್ತನೇ ತಿಂಗಳಲ್ಲಿ ತವರಿಗೆ ಬರುತ್ತೇನೆಂದು ಪ್ರಿಯಾ ಅಲ್ಲೇ ಉಳಿದಳು. ಮರಳುವಾಗ ವೈನಿ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು. ನಾಳೆಯೇ ದವಾಖಾನೆಗೆ ಹೋಗೋಣ ಎಂದಷ್ಟೇ ಹೇಳಿದಳು.

ಇದು ನಿಮ್ಮದೇ ಇಚ್ಛೆಯೇ ಎಂದು ಡಾಕ್ಟರಬಾಯಿ ನನ್ನನ್ನು ಹೊರಗೆ ಕೂರಿಸಿ ಮತ್ತೆ ಕೇಳಿದರಂತೆ. ಹೌದು ಎಂದಳಂತೆ. ಆ ಹೌದು ಅವಳದೋ, ಅಣ್ಣನದೋ, ಮಗಳದೋ, ಬೀಗರ ಓಣಿಯದೋ, ನನಗೆ ಇಂದಿಗೂ ತಿಳಿಯದು. ತೆಗೆಸಿಕೊಂಡು ಮನೆಗೆ ಬಂದ ರಾತ್ರಿ ಅಣ್ಣ ಅವಳ ಕಾಲ ಬಳಿ ಕುಳಿತು ಅತ್ತ. ಆಗ ಅಳಲಿಲ್ಲ ವೈನಿ.

ಮೂರು ದಿನ ಮಲಗು ಎಂದರೆ ಕೇಳಬೇಕಲ್ಲ. ಮಗಳ ಹೆರಿಗೆಗೆ ಇನ್ನೂ ವೇಳೆಯಿದ್ದರೂ ಒಲೆಯ ಮುಂದೆ ಕುಳಿತು ತುಪ್ಪದಲ್ಲಿ ಅಂಟು ಹುರಿದಳು, ಬೆಲ್ಲದ ಪಾಕ ಮಾಡಿ ಬಾಣಂತಿಯ ಉಂಡೆ ಕಟ್ಟತೊಡಗಿದಳು. ನಾನು ಬೈಯಲೆಂದೇ ಒಳಗೆ ಹೋದೆ. ಅವಳ ಕುಪ್ಪಸದ ಎದೆ ಹಾಲಿಗೆ ತೊಯ್ದಿತ್ತು. ಅವಳಿಗದು ಗೊತ್ತಿತ್ತು, ಸೆರಗು ಎಳೆದುಕೊಂಡಳು.

ನಾನು ಒಂದು ಉಂಡೆ ಎತ್ತಿ ಅವಳ ಬಾಯಿಯ ಹತ್ತಿರ ಹಿಡಿದೆ.

"ಪ್ರಿಯಾಂದು ಇವು," ಎಂದಳು.

"ಮೊದ್ಲ ಬಾಣಂತಿ ನೀವು. ತಿನ್ರಿ, ವೈನಿ."

ಬಾಯಿ ತೆರೆದಳು. ಅಗಿಯಲಾಗದೆ, ಉಂಡೆಯನ್ನು ಬಾಯಲ್ಲಿಟ್ಟುಕೊಂಡೇ ಅಳತೊಡಗಿದಳು.