ಮೂಸದ ಜಾಜಿ

ಪ್ರವಾಸ ಹೊರಡಿಸಿದ್ದು ನಾನೇ, ಹಾಗಾಗಿ ಯಾರನ್ನೂ ಬಯ್ಯುವಂತಿರಲಿಲ್ಲ. ಅಣ್ಣ ಎರಡು ಸಾವಿರದ ಇಪ್ಪತ್ತೊಂದರಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಹೋದ. ಅಮ್ಮ ಆಗ ಅಮೆರಿಕದ ರಾಕ್‌ವಿಲ್‌ನಲ್ಲಿ ನನ್ನ ಮನೆಯಲ್ಲಿದ್ದಳು. ಹೊರಡುವುದಕ್ಕೆ ದಾರಿಯೇ ಇರಲಿಲ್ಲ. ಮಗನ ಮುಖವನ್ನು ಕೊನೆಯ ಸಲ ನನ್ನ ಮೊಬೈಲಿನಲ್ಲಿ ನೋಡಿದಳು, ಅದೂ ನೆಟ್‌ವರ್ಕ್ ಕೈಕೊಟ್ಟು ಅರ್ಧಕ್ಕೇ ನಿಂತಿತು. ಮರುದಿನದಿಂದ ದೇವರಿಗೆ ದೀಪ ಹಚ್ಚುವುದನ್ನು ಬಿಟ್ಟಳು. ಕೂಗಾಟವಿಲ್ಲ, ಅಳುವಿಲ್ಲ. ದೇವರ ಕಪಾಟಿನ ಬಾಗಿಲು ಮುಚ್ಚಿ, ಅಡುಗೆಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದಳು. ಕಾರ್ಕಳದಲ್ಲಿದ್ದಾಗ ಬೆಳಗಿನ ಪೂಜೆ ಮುಗಿಯದೆ ನಮಗೆ ಕಾಫಿಯನ್ನೂ ಕೊಡದಿದ್ದ ಹೆಂಗಸು ಇವಳು.

ಆ ದೀಪ ಮತ್ತೆ ಹೊತ್ತಿದರೆ ನನ್ನ ಅಮ್ಮ ನನಗೆ ವಾಪಸ್ ಸಿಕ್ಕಹಾಗೆ ಎಂದು ನಾನು ನಂಬಿದ್ದೆ. ಗಾಳಿ ಬದಲಾಗಲಿ ಅಂತ ಕೆಲವು ವರ್ಷಗಳ ಮೇಲೆ, ಒಂದು ಸೆಪ್ಟೆಂಬರಿನಲ್ಲಿ, ಅವಳನ್ನು ಫ್ರಾನ್ಸಿಗೆ ಕರೆದುಕೊಂಡು ಹೋದೆ. ದಕ್ಷಿಣದ ಸಮುದ್ರದ ಬದಿಯಲ್ಲಿ ರೂಮು. ಅಲ್ಲಿಂದ ಒಳನಾಡಿಗೆ ವ್ಯಾನಿನಲ್ಲಿ ಒಂದು ದಿನದ ಸುತ್ತಾಟ: ಗುಡ್ಡದ ತುದಿಯ ಹಳ್ಳಿಗಳು, ಅತ್ತರಿಗಾಗಿ ಬೆಳೆಸುವ ಹೂವಿನ ತೋಟಗಳು.

ಬೆಳಗ್ಗೆ ಮೊದಲು ಹೋದದ್ದು ತೋಟಕ್ಕೆ. ಕಣ್ಣು ಹಾಯಿಸಿದಷ್ಟೂ ಬಿಳಿ ಹೂವು, ನಡುವೆ ಬಾಗಿ ಕೊಯ್ಯುತ್ತಿರುವ ಹೆಂಗಸರು. ಒಬ್ಬಳ ತಲೆಯಲ್ಲೂ ಒಂದೆಸಳಿಲ್ಲ. ಅಮ್ಮ ಗಿಡವನ್ನು ನೋಡಿದ ಕೂಡಲೇ ಇದು ಜಾಜಿ ಅಂದಳು. ಇಷ್ಟನ್ನೂ ಕಾಯಿಸಿ, ಹಿಂಡಿ ಬಾಟಲಿಗೆ ತುಂಬುತ್ತಾರೆ ಎಂದು ನಾನು ಹೇಳಿದಾಗ ಇವರಿಗೇನು ತಲೆ ಕೆಟ್ಟಿದೆಯಾ ಎನ್ನುವಂತೆ ನನ್ನನ್ನೇ ನೋಡಿದಳು.

ತೋಟದ ಯಜಮಾನಿ ಒಬ್ಬೊಬ್ಬರ ಅಂಗೈಗೂ ಒಂದು ಹಿಡಿ ಹೂವು ಹಾಕಿದಳು. ಕಣ್ಣು ಮುಚ್ಚಿ ಮೂಸಿ ನೋಡಿ ಎಂದ ಗೈಡ್. ವ್ಯಾನಿನಲ್ಲಿ ಬಂದವರೆಲ್ಲ ಅಂಗೈಯಲ್ಲಿ ಮೂಗು ಹುದುಗಿಸಿದರು. ಅಮ್ಮ ಮಾತ್ರ ಕೈಯನ್ನು ಆದಷ್ಟು ದೂರ ಚಾಚಿ, ಮುಖ ಆಚೆ ತಿರುಗಿಸಿ ನಿಂತಳು. ಅಮ್ಮನಿಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡು ಗೈಡ್ ಮತ್ತೊಮ್ಮೆ ಅಭಿನಯಿಸಿ ತೋರಿಸಿದ. ನನಗೋ ನಾಚಿಕೆ. ಮೂಸು ಅಮ್ಮ, ಪಾಪ ಅವನು ಕಾಯ್ತಿದ್ದಾನೆ ಅಂತ ಅವಳನ್ನು ತಿವಿದೆ.

"ಮೂಸುದಿಲ್ಲ. ನೀನು ಸುಮ್ನಿರು ಮಾರಾಯ್ತಿ," ಎಂದಳು.

ದೇವರಿಗೆ ಇಡುವ ಹೂವನ್ನು ಮೂಸಬಾರದು, ನಮ್ಮ ಮನೆಯ ಕಟ್ಟುನಿಟ್ಟು ಅದು. ಚಿಕ್ಕವಳಿದ್ದಾಗ ಹೂಬುಟ್ಟಿಯ ಹತ್ತಿರ ಮೂಗು ತಂದೆನೆಂದು ಎಷ್ಟು ಸಲ ಕೈಗೆ ಪೆಟ್ಟು ತಿಂದಿದ್ದೇನೋ. ಹಾಗಾದರೆ ಇದು ದೇವರಿಗೆ! ಅಲ್ಲದೆ ಇನ್ನೇನು? ಅಥವಾ ಗೈಡ್ ಅಪ್ಪಣೆ ಕೊಟ್ಟಿದ್ದೇ ಅವಳಿಗೆ ಹಿಡಿಸಲಿಲ್ಲವೋ? ಅವಳು ಕರ್ಚೀಫಿಗೆ ಬಾಟಲಿ ನೀರು ಚಿಮುಕಿಸಿ, ಹೂವನ್ನು ಮೆಲ್ಲಗೆ ಸುತ್ತಿಟ್ಟುಕೊಂಡಳು. ವ್ಯಾನು ಗುಡ್ಡ ಹತ್ತುವಷ್ಟು ಹೊತ್ತೂ ಅದನ್ನು ಕೆಳಗಿಡಲಿಲ್ಲ.

ಗುಡ್ಡದ ಮೇಲಿನ ಹಳ್ಳಿಯೆಂದರೆ ಕಲ್ಲು, ಮೆಟ್ಟಿಲು, ಮತ್ತೆ ಕಲ್ಲು. ಇಷ್ಟೆತ್ತರಕ್ಕೆ ನೀರು ಯಾರು ಹೊರ್ತಿದ್ರು ಕೇಳು ಎಂದು ಅಮ್ಮ ನನ್ನ ಜೀವ ತಿಂದಳು. ಕೇಳಿದರೆ ಗೈಡ್ ಹಳೆಯ ಕಿಟಕಿಗಳ ಕಥೆ ಹೇಳಿದ. ನನ್ನ ಗಮನವೆಲ್ಲ ಆ ಕರ್ಚೀಫಿನ ಮೇಲಿತ್ತು. ಬಿಸಿಲು ಏರುತ್ತಿದೆ, ಜಾಜಿ ಮಧ್ಯಾಹ್ನದವರೆಗೆ ಬಾಳುವ ಹೂವಲ್ಲ. ಕೊನೆಗೆ ಮೊಬೈಲಿನಲ್ಲಿ ಕೃಷ್ಣನ ಫೋಟೊ ತೆಗೆದು ಅವಳ ಮುಂದೆ ಹಿಡಿದೆ. ಇಲ್ಲೇ ಇಟ್ಟುಬಿಡು ಅಂದೆ. ಅವಳು ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಮೊಬೈಲಿನಲ್ಲಿ ನೋಡಿದ್ದು ಸಾಕಂತೆ. ಮತ್ತೆ ಯಾರಿಗೆ ಇಟ್ಕೊಂಡಿದ್ದೀಯ ಎಂದು ರೇಗಿದೆ. ತನಗೇ ಗೊತ್ತಿಲ್ಲ ಅಂದಳು. ಇಂಥವಳ ಜೊತೆ ಏನು ಮಾಡುವುದು, ಹೇಳಿ.

ಮೆಟ್ಟಿಲುಗಳ ಕೊನೆಗೊಂದು ಸಣ್ಣ ಇಗರ್ಜಿ. ಅಮ್ಮ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋದಳು. ಅದರಲ್ಲಿ ವಿಶೇಷವೇನಿಲ್ಲ, ಊರಿನಲ್ಲಿ ಇಗರ್ಜಿಯ ಹಬ್ಬಕ್ಕೆ ನಾವೂ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಿದ್ದವರೇ. ಮೇರಿಯಮ್ಮನಿಗೆ ಇಡುತ್ತಾಳೆ, ಇಡಲಿ, ಯಾವ ದೇವರಾದರೇನು, ಮೊದಲು ದೇವರ ಜೊತೆ ಮಾತು ಶುರುವಾಗಲಿ ಎಂದುಕೊಂಡು ಹಿಂದೆಯೇ ಹೋದೆ. ಪಕ್ಕದ ಮೂಲೆಯಲ್ಲೊಂದು ಮರದ ಮೂರ್ತಿ. ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡು ಕುಳಿತ ಮೇರಿ. ಅಮ್ಮ ಅದರ ಎದುರು ಬಹಳ ಹೊತ್ತು ನಿಂತಳು. ಆಮೇಲೆ ಕರ್ಚೀಫು ಬಿಚ್ಚಿದಳು. ಹೂವು ಅಂಚಿನಲ್ಲಿ ಕಂದತೊಡಗಿತ್ತು. ತಾಯಿಯ ಪಾದಕ್ಕೆ ಇಡಲಿಲ್ಲ. ಮಡಿಲಲ್ಲಿದ್ದ ಮಗನ ಎದೆಯ ಮೇಲೆ, ಒಂದೊಂದನ್ನೇ, ಜಾರದ ಹಾಗೆ ಇಟ್ಟಳು.

"ಇವಳ ಮಡಿಲಿಗಾದ್ರೂ ಕೊಟ್ರು ನೋಡು," ಎಂದಳು. "ನಂಗೆ ಅದೂ ಕೊಡ್ಲಿಲ್ಲ."

ಅಷ್ಟು ಹೇಳಿ ಬೆಂಚಿನ ಮೇಲೆ ಕುಳಿತುಬಿಟ್ಟಳು. ದೇವರ ಮೇಲಿನ ಅವಳ ಸಿಟ್ಟು ಇಳಿಯಿತೋ ಏರಿತೋ ನನಗೆ ಒಂದೂ ತಿಳಿಯಲಿಲ್ಲ. ಹೊರಗಿನಿಂದ ಗೈಡ್ ಕರೆಯುತ್ತಿದ್ದ, ವ್ಯಾನು ಹೊರಡುವ ಹೊತ್ತಾಗಿತ್ತು. ಏಳು ಅನ್ನದೆ ನಾನೂ ಅವಳ ಪಕ್ಕ ಕುಳಿತೆ.